ಹನ್ನೊಂದನೆಯ ಕ್ಯಾಸೆಟ್ಟು ಮತ್ತು ಬೋರಲು ಬಿದ್ದ ಕಾಫಿ ಲೋಟ

ಕುಣಿಗಲ್,
೧೯೯೮ರ ನವೆಂಬರ್, ಎರಡನೆಯ ಸೋಮವಾರ

ನಮ್ಮ ಮನೆಯ ಟಿ.ವಿ.ಯ ಕೆಳಗಿನ ಹಲಗೆಯ ಮೇಲೆ ಒಂದು ವರ್ಷ ಕಾಲ ದಯಮಾಡಿಸಿದ್ದ, ಬೂದು ಬಣ್ಣದ ಟಿ.ವಿ. ಗೇಮ್ ಪೆಟ್ಟಿಗೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ ತಮ್ಮ ಎರಡು ಜಾಯ್‌ಸ್ಟಿಕ್ಕುಗಳಿಗೂ ನನ್ನ ನಮಸ್ಕಾರಗಳು. ಮೊದಲಿಗೆ ನಾನು ಯಾರೆಂದು ತಿಳಿಸಿಬಿಡುತ್ತೇನೆ, ಏಕೆಂದರೆ ತಮಗೆ ನೆನಪಿನ ಶಕ್ತಿ ಇಲ್ಲವೆಂಬುದು ಈಗ ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ನಾನು ದಿವಂಗತ ಮಹಾಲಿಂಗಯ್ಯನವರ ಪತ್ನಿ ಪುಟ್ಟಗಂಗಮ್ಮ. ಮಾರ್ಕೋನಹಳ್ಳಿ ನಾಲೆಯ ಬಯಲಿನಲ್ಲಿ ಎರಡು ಎಕರೆ ಗದ್ದೆ, ಅದರ ಮೇಲುಭಾಗದಲ್ಲಿ ಫಸಲಿಗೆ ಬಂದ ನೂರಿಪ್ಪತ್ತು ತೆಂಗಿನ ಮರ, ಕುಣಿಗಲ್ಲಿನಲ್ಲಿ ಈ ಮನೆ, ಇಷ್ಟಕ್ಕೂ ಯಜಮಾನಿ. ಹೈಸ್ಕೂಲಿನವರೆಗೆ ಓದಿದ್ದೇನೆ. ಆ ಕಾಲದಲ್ಲಿ ನನ್ನ ತವರೂರಿನಿಂದ ಹೆಬ್ಬೂರಿಗೆ ನಡೆದುಹೋಗಿ ಓದಿದ ಹುಡುಗಿಯರು ಇಬ್ಬರೇ, ಅವರಲ್ಲಿ ಇನ್ನೊಬ್ಬಳು ಅರ್ಧಕ್ಕೆ ಬಿಟ್ಟಳು. ನಮ್ಮ ಬೀದಿಯ ಮಹಿಳಾ ಸಮಾಜಕ್ಕೆ ಎರಡು ಸಲ ಅಧ್ಯಕ್ಷೆಯಾಗಿದ್ದೆ, ಮೂರನೆಯ ಸಲ ನಾನೇ ಬೇಡವೆಂದೆ.

ನಮ್ಮ ಮನೆಯಲ್ಲಿ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಪದ್ಧತಿ ಇಲ್ಲ. ತಟ್ಟೆಗೆ ಬಿದ್ದ ಮುದ್ದೆ ತಟ್ಟೆಯಲ್ಲಿ ಉಳಿಯುವುದಿಲ್ಲ, ಹೂ ಕಟ್ಟಲು ಕೂತವರು ಬುಟ್ಟಿ ಖಾಲಿಯಾಗದೆ ಏಳುವುದಿಲ್ಲ. ನನ್ನ ಮಗ ಲಕ್ಷ್ಮೀಕಾಂತ ಐ.ಟಿ.ಐ.ಯನ್ನು ಎರಡನೆಯ ವರ್ಷದಲ್ಲಿ ಬಿಟ್ಟು ಮನೆಗೆ ಬಂದಾಗ, ಅವನ ಹಾಸಿಗೆ ಸುತ್ತಿ, ಬಸ್ಸಿನ ಮೇಲೆ ಹಾಕಿಸಿ, ಹಾಸ್ಟೆಲಿನ ಬಾಗಿಲಲ್ಲಿ ಅವನನ್ನೂ ಹಾಸಿಗೆಯನ್ನೂ ಇಳಿಸಿ ಬಂದವಳು ನಾನು. ಅವನೀಗ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಳೆದ ವರ್ಷ ದೀಪಾವಳಿಗೆ ತನ್ನ ಮಗಳು ಕೃತಿಕಾಳಿಗೆಂದು, ತುಮಕೂರಿನ ಚಿಕ್ಕರಂಗಯ್ಯನ ಅಂಗಡಿಯಿಂದ ಹನ್ನೊಂದು ಕ್ಯಾಸೆಟ್ಟುಗಳ ಪರಿವಾರ ಸಮೇತ ತಮ್ಮನ್ನು ಕರೆತಂದವನೂ ಅವನೇ.

ಏಳನೆಯ ತರಗತಿಯ ಕೃತಿಕಾ ತಮ್ಮೊಂದಿಗೆ ಹೇಗೆ ನಡೆದುಕೊಂಡಳೆಂಬುದನ್ನು ನಾನು ಗಮನಿಸದೆ ಹೋದದ್ದು ನನ್ನ ತಪ್ಪು. ಒಂದು ಕ್ಯಾಸೆಟ್ಟು ಹಾಕುವುದು, ಮೂರು ಸ್ಟೇಜು ಆಡುವುದು, ಕಿತ್ತು ಇನ್ನೊಂದು ಹಾಕುವುದು. ಕೊಡೆ ಹಿಡಿದ ಮುದುಕ ಸೇತುವೆಯ ನಡುವೆಯೇ ನಿಂತ, ಬೆಂಕಿ ಆರಿಸುವ ಲಾರಿ ಉರಿಯುವ ಊರಿನ ಹೊರಗೇ ಉಳಿಯಿತು, ದೊಡ್ಡ ಮೀನಿನ ಹೊಟ್ಟೆ ಹೊಕ್ಕ ಸಣ್ಣ ಮೀನನ್ನು ಯಾರೂ ಹೊರಗೆ ತರಲಿಲ್ಲ. ಇವೆಲ್ಲ ನನ್ನ ಸೂರಿನ ಕೆಳಗೆ ನಡೆಯುತ್ತಿದ್ದವು.

ಗೊತ್ತಾದದ್ದು ಗೌರಿ ಹಬ್ಬದ ದಿನ. ನನ್ನ ಸೊಸೆ ಮಂಜುಶ್ರೀಗೆ ಬಾಗಿನ ಕೊಡಲು ಅವಳ ತಾಯಿ, ನಮ್ಮ ಬೀಗಿತ್ತಿ ವನಜಮ್ಮನವರು ಗುಬ್ಬಿಯಿಂದ ಬಂದಿದ್ದರು. ಬಾಗಿನದ ಮೊರ ಇಳಿಸಿದವರು, ಬಾಯಿಯ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಚಾಪೆಯ ಮೇಲೆ ಚೆಲ್ಲಾಡಿದ್ದ ತಮ್ಮ ಕ್ಯಾಸೆಟ್ಟುಗಳ ಪರಿವಾರವನ್ನು ನೋಡಿದರು. ಯಾವುದು ಮುಗಿದಿದೆ ಎಂದು ಮೊಮ್ಮಗಳನ್ನು ಕೇಳಿದರು. ಅವಳು ಹೆಮ್ಮೆಯಿಂದಲೇ, "ಒಂದೂ ಮುಗ್ದಿಲ್ಲ ಗುಬ್ಬಿ ಅಜ್ಜಿ" ಎಂದಳು. ವನಜಮ್ಮನವರು ಬೀದಿಗೆ ಕೇಳುವ ಹಾಗೆ, "ಏನ್ ಬೀಗಿತ್ಯೋರೆ, ನಮ್ಮನೇಲಿ ಏನೂ ಅರ್ಧಕ್ ಬುಡಲ್ಲ ಅಂತಿದ್ರಿ, ಇಲ್ನೋಡುದ್ರೆ ಹನ್ನೊಂದ್ ಆಟ ಬಾಯ್ ಬುಟ್ಕೊಂಡ್ ಬಿದ್ದವೆ!" ಎಂದರು.

ಆಗ ನನ್ನ ಕೈಯಲ್ಲಿ ಕಾಫಿ ಲೋಟ ಇತ್ತು. ಅದರಲ್ಲಿದ್ದುದನ್ನು ಕುಡಿದು ಮುಗಿಸಿ, ಲೋಟ ತೊಳೆದು, ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿ, "ಈ ಹನ್ನೊಂದೂ ಮುಗಿಯೋವರ್ಗೂ ನಾನು ಕಾಫಿ ಮುಟ್ಟಲ್ಲ ಕಣ್ರೀ" ಎಂದೆ. ನಲವತ್ತು ವರ್ಷಗಳಿಂದ ದಿನಕ್ಕೆ ಮೂರು ಲೋಟ ಕಾಫಿ ಕುಡಿದವಳು ನಾನು. ಆಡಿ ಮುಗಿಸುವವಳು ಕೃತಿಕಾ, ನಾಲ್ಕು ದಿನದ ಮಾತು ಎಂದು ನನ್ನ ಲೆಕ್ಕಾಚಾರವಾಗಿತ್ತು. ಅವಳು ಮಾರನೆಯ ದಿನವೇ, "ನಂಗೆ ಬೋರ್ ಆಗೋಯ್ತಜ್ಜಿ, ಬೇಕಾದ್ರೆ ನೀನೇ ಆಡು" ಎಂದು ಕುಂಟೆಬಿಲ್ಲೆಗೆ ಓಡಿದಳು. ಗದರಿಸಿ ಕೂರಿಸಬಹುದಿತ್ತು. ಆದರೆ ಮಾತು ಕೊಟ್ಟ ಬಾಯಿ ನನ್ನದಾದ ಮೇಲೆ ಬೆರಳುಗಳೂ ನನ್ನವೇ ಆಗಬೇಕೆಂದು ನನಗೆ ತೋಚಿತು.

ಹೀಗೆ ಐವತ್ತೆಂಟನೆಯ ವಯಸ್ಸಿನಲ್ಲಿ ತಮ್ಮ ಪಾದಸೇವೆಗೆ ಕೂತೆ. ಪ್ರತಿದಿನ ಊಟವಾದ ಮೇಲೆ ಎರಡರಿಂದ ನಾಲ್ಕರವರೆಗೆ. ಕ್ಯಾಸೆಟ್ಟು ಹಿಡಿಯದಿದ್ದರೆ ಬಾಯಿಂದ ಊದಬೇಕೆಂದು ಮಕ್ಕಳು ಹೇಳಿಕೊಟ್ಟರು. ಒಬ್ಬರು ಊದಿದ್ದನ್ನು ಇನ್ನೊಬ್ಬರು ಮುಟ್ಟಿದರೆ ಎಂಜಲಲ್ಲವೇ? ನಾನು ಬೀಸಣಿಗೆಯಿಂದ ಗಾಳಿ ಹಾಕಿದೆ. ತಾವು ಪ್ರಸನ್ನರಾಗಲು ಕೆಲವೊಮ್ಮೆ ಕಾಲು ಗಂಟೆ ಬೀಸಬೇಕಾಗುತ್ತಿತ್ತು. ಅಷ್ಟು ಗಾಳಿಯನ್ನು ನಾನು ನನ್ನ ಯಜಮಾನರಿಗೂ ಬೀಸಿದ್ದಿಲ್ಲ.

ತಮ್ಮ ಗುಣಗಳನ್ನು ಹೊಗಳದೆ ಇರಲಾರೆ. ತಾವು ಯಾರ ವಯಸ್ಸಿಗೂ ಬೆಲೆ ಕೊಡದ ಸಮದರ್ಶಿಗಳು. ಒಂದೇ ಹಳ್ಳಕ್ಕೆ ನನ್ನನ್ನು ನಲವತ್ತಾರು ಸಲ ಬೀಳಿಸಿದರೂ ಪ್ರತಿ ಸಲವೂ ಅದೇ ಉಲ್ಲಾಸದ ವಾದ್ಯ ನುಡಿಸಿದಿರಿ. ಮುದುಕ ಸೇತುವೆಯಿಂದ ಹಾರುವಾಗ ನಾನೂ ಕೂತಲ್ಲೇ ಹಾರುತ್ತಿದ್ದೆನಂತೆ, ಮಂಜುಶ್ರೀ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋಗುತ್ತಿದ್ದಳಂತೆ. ನಾನು ಬೀಳುವುದನ್ನು ನೋಡಲೆಂದೇ ಕೃತಿಕಾ ಶನಿವಾರ ಭಾನುವಾರ ಕುಂಟೆಬಿಲ್ಲೆ ಬಿಟ್ಟು ಪಕ್ಕಕ್ಕೆ ಬಂದು, "ಎಗ್ರು ಅಜ್ಜಿ, ಎಗ್ರು! ಅಯ್ಯೋ, ನೀನ್ಯಾಕಜ್ಜಿ ಎಗರ್ತೀಯ, ಗುಂಡಿ ಒತ್ತು!" ಎಂದು ಕೂಗತೊಡಗಿದಳು. ನನಗೆ ಹಾಗೆ ಹೇಳಿ ಈ ಮನೆಯಲ್ಲಿ ಉಳಿದವರು ಅವಳೊಬ್ಬಳೇ. ಹೂ ಕಟ್ಟಿದ ಬೆರಳುಗಳು ಬೇಗ ಕಲಿತವು. ಮೂರು ವಾರದಲ್ಲಿ ಎಂಟು ಆಟ ಮುಗಿಸಿದೆ. ಸಣ್ಣ ಮೀನು ಹೊರಬಂದ ದಿನ ಪಕ್ಕದ ಮನೆಯವರಿಗೂ ತಿಳಿಸಿದೆ.

ಕಾಫಿಯ ವಿಷಯ ಬರೆಯುವುದಿಲ್ಲವೆಂದುಕೊಂಡಿದ್ದೆ. ಆದರೂ ತಿಳಿದಿರಲಿ, ಮೊದಲ ವಾರ ತಲೆ ಸಿಡಿಯಿತು, ಎರಡನೆಯ ವಾರ ಕೋಪ ಬಂತು, ಮೂರನೆಯ ವಾರ ಮಂಜುಶ್ರೀ ಅಡುಗೆಮನೆಯ ಬಾಗಿಲು ಮುಚ್ಚಿ ಡಿಕಾಕ್ಷನ್ ಇಳಿಸತೊಡಗಿದಳು. ಬಾಗಿಲಿಗೆ ಪಾಪ ವಾಸನೆಯನ್ನು ತಡೆಯುವ ವಿದ್ಯೆ ಗೊತ್ತಿರಲಿಲ್ಲ. ಒಂದು ಲೋಟ ಕುಡಿಯಿರಿ, ಗುಬ್ಬಿಗೆ ಯಾರೂ ಹೇಳುವುದಿಲ್ಲ ಎಂದು ಲಕ್ಷ್ಮೀಕಾಂತ ಅಂದ. ಅವನ ಹಾಸಿಗೆ ಸುತ್ತಲು ಈಗಲೂ ನನಗೆ ಬರುತ್ತದೆಂದು ನೆನಪಿಸಿದೆ.

ಈಗ ತಮ್ಮ ಮರೆವಿಗೆ ಬರುತ್ತೇನೆ. ತಾವು ಆರಿದ ಕ್ಷಣ ಎಲ್ಲವನ್ನೂ ಮರೆಯುತ್ತೀರಿ. ಕರೆಂಟು ಹೋದರೆ ಮುದುಕ ಮತ್ತೆ ಸೇತುವೆಯ ಮೊದಲ ಹಲಗೆಗೆ. ಒಂಬತ್ತನೆಯದಾದ ಬೆಂಕಿ ಲಾರಿಯ ಆಟ ಒಂದು ಮಧ್ಯಾಹ್ನಕ್ಕೆ ಮುಗಿಯುವಂಥದ್ದಲ್ಲ. ಅದನ್ನು ನಡುವೆ ನಿಲ್ಲಿಸುವ ಗುಂಡಿಯೊಂದಿದೆ, ತಮ್ಮನ್ನು ಆರಿಸದಿದ್ದರೆ ಲಾರಿ ನಿಂತಲ್ಲೇ ನಿಂತಿರುತ್ತದೆ ಎಂದು ಕೃತಿಕಾ ತೋರಿಸಿದಳು. ದಸರೆಯ ವಾರ ನಮ್ಮ ಪುಣ್ಯಕ್ಕೆ ಕರೆಂಟೂ ಹೋಗಲಿಲ್ಲ. ನಾಲ್ಕು ದಿನ ತಮ್ಮ ಕೆಂಪು ದೀಪ ಉರಿಯುತ್ತಲೇ ಇತ್ತು. ತಮ್ಮ ಮೇಲೆ ತೆಳುವಾದ ಬಿಳಿ ಪಂಚೆ ಹೊದಿಸಿ, ಈ ಪೆಟ್ಟಿಗೆಯನ್ನು ಯಾರೂ ಮುಟ್ಟಕೂಡದೆಂದು ಆಜ್ಞೆ ಮಾಡಿದೆ. ಆಟದ ಊರಿನಲ್ಲಿ ಆರದೆ ಉಳಿದಿದ್ದದ್ದು ಒಂದೇ ಮನೆಯ ಬೆಂಕಿ.

ಐದನೆಯ ದಿನ ಆಯುಧಪೂಜೆ. ಬೆಳಿಗ್ಗೆ ಎದ್ದವಳೇ ಪ್ರತಿವರ್ಷದಂತೆ, ಮನೆಯಲ್ಲಿರುವ ಯಂತ್ರ ಒಂದನ್ನೂ ಬಿಡದೆ ಒರೆಸಿ, ಕುಂಕುಮವಿಟ್ಟು, ಹೂ ಮುಡಿಸಬೇಕೆಂದು ಮಗನಿಗೆ ಹೇಳಿ ಸ್ನಾನಕ್ಕೆ ಹೋದೆ. ಫಿಟ್ಟರ್ ಕೆಲಸದವನು, ಅಚ್ಚುಕಟ್ಟು ಮನುಷ್ಯ. ಒದ್ದೆ ಬಟ್ಟೆಯಲ್ಲಿ ಒರೆಸುವ ಮೊದಲು ಎಲ್ಲದರ ಪ್ಲಗ್ಗು ಕಿತ್ತ. ಗ್ರೈಂಡರ್ ಕಿತ್ತ, ಮಿಕ್ಸಿ ಕಿತ್ತ, ತಮ್ಮನ್ನೂ ಕಿತ್ತ. ನಾನು ಆರತಿ ತಟ್ಟೆ ಹಿಡಿದು ಬಂದಾಗ ತಾವು ಸೇವಂತಿಗೆ ಮುಡಿದು, ಹಣೆಯ ತುಂಬ ಕುಂಕುಮ ಹಚ್ಚಿಕೊಂಡು, ಈಳಿಗೆಮಣೆಗೂ ಸ್ಕೂಟರಿನ ಸ್ಪ್ಯಾನರಿಗೂ ನಡುವೆ ದೀಪವಿಲ್ಲದೆ ಕೂತಿದ್ದಿರಿ. ಯಾರು ಆರಿಸಿದ್ದೆಂದು ಕೇಳಿದೆ. "ನೀವೇ ಒಂದೂ ಬುಡ್ಬ್ಯಾಡ ಅಂದ್ರಲ್ಲಮ್ಮ" ಎಂದ. ಅಂದದ್ದು ನಿಜ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ, ಆದ್ದರಿಂದ ಇಡೀ ಊರು ಮತ್ತೆ ಹೊತ್ತಿಕೊಂಡಿದ್ದರೂ ನಾನು ಒಂದು ಹಗಲು ಕೈಕಟ್ಟಿ ಕೂರಬೇಕಾಯಿತು. ಅಂದು ತಮಗೆ ಎತ್ತಿದ ಆರತಿಯಲ್ಲಿ ಭಕ್ತಿ ಸ್ವಲ್ಪ ಕಡಿಮೆಯಿತ್ತು, ಕ್ಷಮಿಸಬೇಕು.

ವಿಜಯದಶಮಿಯಂದು ಮತ್ತೆ ಮೊದಲಿನಿಂದ ಹಿಡಿದೆ. ಒಂಬತ್ತು ಮುಗಿಯಿತು, ಹತ್ತೂ ಮುಗಿಯಿತು. ಉಳಿದದ್ದು ಹನ್ನೊಂದನೆಯ ಕ್ಯಾಸೆಟ್ಟು. ಹದಿನಾರು ಅಂತಸ್ತಿನ ಗೋಪುರ, ಏಣಿ ಹತ್ತುವ ಒಬ್ಬ ಕುಳ್ಳ, ತುದಿಯಲ್ಲಿ ಒಂದು ಗಂಟೆ. ದೀಪಾವಳಿಯ ಹಿಂದಿನ ಭಾನುವಾರ ಕುಳ್ಳ ಗಂಟೆ ಬಾರಿಸಿದ. ಕೃತಿಕಾ ಕಿರುಚಿದಳು, ಮಂಜುಶ್ರೀ ಹಾಲು ಒಲೆಗಿಟ್ಟಳು, ನಾನು ಲೋಟಕ್ಕೆ ಕೈ ಹಾಕಿದ್ದೆ. "ಅಜ್ಜೀ, ತಿರ್ಗಾ ಕೆಳ್ಗಡೆ ಬಂದ್ಬುಟ್ಟ!" ಎಂದು ಹುಡುಗಿ ಕೂಗಿದಳು. ನೋಡಿದರೆ ಕುಳ್ಳ ಮೊದಲನೆಯ ಅಂತಸ್ತಿನಲ್ಲಿ, ಏನೂ ಆಗಿಲ್ಲವೆಂಬಂತೆ ನಿಂತಿದ್ದ. ಏಣಿಗಳು ಅವೇ, ಮೇಲಿನಿಂದ ಬೀಳುವ ಪೀಪಾಯಿಗಳಿಗೆ ಮಾತ್ರ ಇನ್ನಷ್ಟು ಅವಸರ. ಹಾಲನ್ನು ಇಳಿಸಲು ಹೇಳಿದೆ. ಆರು ದಿನ ಬಿಟ್ಟು ಮತ್ತೆ ಗಂಟೆ ಬಾರಿಸಿದೆ, ಮತ್ತೆ ಕೆಳಗೆ. ಲಕ್ಷ್ಮೀಕಾಂತ ತುಮಕೂರಿನ ಅಂಗಡಿಗೆ ಹೋಗಿ ಕೇಳಿಕೊಂಡು ಬಂದು, ಬಾಗಿಲಲ್ಲೇ ನಿಂತು, "ಅದಕ್ಕೆ ಕೊನೇನೇ ಇಲ್ವಂತೆ ಕಣಮ್ಮ, ಆಡ್ದಷ್ಟೂ ತಿರ್ಗತಾ ಇರುತ್ತಂತೆ, ಚಿಕ್ಕರಂಗಯ್ಯ ಹೇಳ್ದ" ಎಂದ. ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ.

ಮಾನ್ಯರೇ, ಕೊನೆಯೇ ಇಲ್ಲದ್ದನ್ನು ಮುಗಿಸುತ್ತೇನೆಂದು ಮಾತು ಕೊಟ್ಟ ಹೆಂಗಸಿನ ಸ್ಥಿತಿಯನ್ನು ತಾವು ಒಂದು ನಿಮಿಷ ದೀಪ ಆರಿಸಿ ಯೋಚಿಸಬೇಕು. ಕುಡಿದರೆ ಮಾತು ಹೋಗುತ್ತದೆ, ಕುಡಿಯದಿದ್ದರೆ ಇನ್ನು ಈ ಜನ್ಮದಲ್ಲಿ ಕಾಫಿ ಇಲ್ಲ. ತಮ್ಮಲ್ಲಿ ನನ್ನ ಬೇಡಿಕೆಗಳು ಸಣ್ಣವು. ಹದಿನಾರು ಅಂತಸ್ತು ಹತ್ತಿದ ಆ ಮನುಷ್ಯನಿಗೆ ಮೇಲೊಂದು ಜಗುಲಿ ಕಟ್ಟಿಸಿ, ಕೂರಿಸಿ, ಕುಡಿಯಲು ಏನಾದರೂ ಕೊಡತಕ್ಕದ್ದು. ಪುಸ್ತಕದಲ್ಲಿ ಬೆರಳಿಟ್ಟ ಹಾಗೆ ಆಟದಲ್ಲೂ ಬೆರಳಿಡಲು ಒಂದು ಸಂದು ಬಿಡತಕ್ಕದ್ದು. ಆಯುಧಪೂಜೆಯ ದಿನ ಯಾರಾದರೂ ಪ್ಲಗ್ಗಿಗೆ ಕೈಹಾಕಿದರೆ ದನದಂತೆ ಅಂಬಾ ಎನ್ನತಕ್ಕದ್ದು.

ಇವುಗಳನ್ನು ತಾವು ನಡೆಸಿಕೊಡುವುದಿಲ್ಲವೆಂದು ತಿಳಿದು ನಾನೇ ಒಂದು ತೀರ್ಮಾನ ಮಾಡಿದೆ. ನಮ್ಮಲ್ಲಿ ಭಜನೆಯಾಗಲಿ, ಪುರಾಣ ಓದುವುದಾಗಲಿ, ಮಂಗಳಾರತಿ ಎತ್ತಿದರೆ ಮುಗಿಯಿತು. ಆಮೇಲೆ ಯಾರೂ ಪುಟ ತಿರುವಿ ಮುಂದೇನಾಯಿತೆಂದು ಕೇಳುವುದಿಲ್ಲ. ದೇವರ ಕಥೆಗೆ ಸಾಕಾಗುವ ಮುಕ್ತಾಯ ಕುಳ್ಳನ ಕಥೆಗೆ ಸಾಲದೇ? ಕಳೆದ ಶುಕ್ರವಾರ ಮಧ್ಯಾಹ್ನ ಮಹಿಳಾ ಸಮಾಜದ ಹದಿನಾಲ್ಕು ಜನರನ್ನು ಮಂಜುಶ್ರೀಯ ಕೈಯಿಂದ ಅರಿಶಿನ ಕುಂಕುಮಕ್ಕೆ ಕರೆಸಿದೆ. ಅವರ ಎದುರಿಗೇ, ಮೋಸವಿಲ್ಲದೆ, ಮೂರನೆಯ ಸಲ ಹದಿನಾರು ಅಂತಸ್ತು ಹತ್ತಿದೆ. ಕುಳ್ಳ ಗಂಟೆ ಬಾರಿಸಿದ ಕ್ಷಣದಲ್ಲೇ ಕೃತಿಕಾ ದೇವರ ಮನೆಯ ಗಂಟೆ ಬಾರಿಸಿದಳು, ಮಂಜುಶ್ರೀ ಆರತಿ ಎತ್ತಿದಳು, ಅವನು ಕೆಳಗೆ ಬರುವ ಮೊದಲೇ ನಾನು ನನ್ನ ಕೈಯಾರೆ ತಮ್ಮ ಪ್ಲಗ್ಗು ಕಿತ್ತೆ. ಅವನು ಮೇಲೇ ಇದ್ದಾನೆ. ಬಳಿಕ ಗೂಡಿನಿಂದ ಲೋಟ ತೆಗೆದು ನೆಟ್ಟಗಿಟ್ಟು ಕಾಫಿ ಕುಡಿದೆ. ಎರಡು ಲೋಟ.

ಇಷ್ಟೆಲ್ಲ ಆದ ಮೇಲೂ ಮರೆಯದೆ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಪುಟ್ಟಗಂಗಮ್ಮ

ತಾ. ಕ.: ಶನಿವಾರ ತಮ್ಮನ್ನು ಆ ಒಂದೇ ಕ್ಯಾಸೆಟ್ಟಿನ ಸಮೇತ ಗುಬ್ಬಿಗೆ ಕಳುಹಿಸಿದ್ದು ಸಿಟ್ಟಿನಿಂದಲ್ಲ. ಹತ್ತು ಆಟ ಮುಗಿಸಿದ್ದೇನೂ ದೊಡ್ಡದಲ್ಲ, ಇದೊಂದನ್ನು ನೀವು ಮುಗಿಸಿ ನೋಡೋಣ ಎಂದು ವನಜಮ್ಮನವರಿಗೆ ಚೀಟಿ ಬರೆದಿದ್ದೆ. ಅವರು ನಿನ್ನೆಯಿಂದ ಎಲೆ ಅಡಿಕೆ ಬಿಟ್ಟು ಕೂತಿದ್ದಾರೆಂದು ಸುದ್ದಿ ಬಂದಿದೆ. ಈ ಪತ್ರ ಅಚ್ಚಾಗುವ ವಾರಪತ್ರಿಕೆ ಗುಬ್ಬಿಗೆ ತಲುಪುವುದು ನಮ್ಮ ಬೀದಿಗಿಂತ ಎರಡು ದಿನ ತಡವಂತೆ. ಅಲ್ಲಿಯವರೆಗೆ ಕುಳ್ಳನ ಗುಟ್ಟನ್ನು ತಾವು ಕಾಪಾಡಬೇಕಾಗಿ ಕೋರುತ್ತೇನೆ. ನಕ್ಕು ಮುಗಿಸಲು ನನಗೆ ಎರಡು ದಿನ ಸಾಕು.