ಬೆಳವಕ್ಕಿ ಪಂಜರದ ಹಗ್ಗ

ವಗಿಯೋ ಅವರ ಆ ದಿನದ ಫಜೀತಿಗೆಲ್ಲ ಕಾರಣ ಕೇರಿಯವರ ಒಳ್ಳೆಯತನ. ಕೆಟ್ಟವರಾಗಿದ್ದರೆ ಬೈದು ಅಟ್ಟಬಹುದಿತ್ತು.

ಲಕ್ವ ಹೊಡೆದು ಅವರ ಎಡಗೈ ಸೋತಿತ್ತು. ರಾಟೆಗೆ ಹಗ್ಗ ಹಾಕಿ ದಿನಾ ಎಳೆಯಿರಿ, ಎಡಗೈ ಎಳೆಯಲಿ, ಬಲಗೈ ಬರೀ ಹಿಡಿದುಕೊಳ್ಳಲಿ ಎಂದು ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ಹೇಳಿಕಳಿಸಿದ್ದಳು. ರಾಟೆಗೇನು ಬರವೇ? ಜಾವಾದ ಆ ಊರಲ್ಲಿ ಬೆಳವಕ್ಕಿ ಸಾಕಿದವರ ಅಂಗಳದಲ್ಲೆಲ್ಲ ಎತ್ತರದ ಕಂಬ, ಅದರ ತುದಿಗೊಂದು ರಾಟೆ. ಬೆಳಗಾದರೆ ಪಂಜರವನ್ನು ಮೇಲೇರಿಸಬೇಕು. ಮೇಲಿನ ಬಿಸಿಲು ಗಾಳಿ ತಾಗದೆ ಆ ಮಹಾರಾಯ ಹಕ್ಕಿ ಬಾಯಿ ಬಿಡುವುದಿಲ್ಲ.

ವಗಿಯೋ ಮಲಗಿದಂದಿನಿಂದ ಆ ಕೆಲಸ ಹೆಂಡತಿ ಲಸ್ಮಿಯ ತಲೆಗೆ ಬಿದ್ದಿತ್ತು. ಅವರಿಗೂ ಸಾಕುಸಾಕಾಗಿತ್ತು. ಊರಲ್ಲಿ ಹಿರಿಯರನ್ನೆಲ್ಲ ಕರೆಯುವಂತೆ ಗಂಡನನ್ನೂ ಬಾಪಾ ಎನ್ನುತ್ತಿದ್ದ ಅವರು ಆ ದಿನ ಎದ್ದವರೇ ಗಡುವು ಕೊಟ್ಟರು.

"ನೋಡಿ ಬಾಪಾ, ಇವತ್ತು ನಿಮ್ಮ ಎಡಗೈಲೇ ಪಂಜರ ತುದಿ ಮುಟ್ಟಿಸ್ಬೇಕು. ಆಗ್ಲಿಲ್ವಾ, ಸಂಜೆ ನನ್ನ ತಮ್ಮ ಬಂದು ಹಕ್ಕಿ ತಗೊಂಡೋಗ್ತಾನೆ. ನನ್ನ ಸೊಂಟ ಬಿದ್ದೋಗಿದೆ."

ಹಕ್ಕಿಯನ್ನು ಬಿಟ್ಟಿರುವುದು ವಗಿಯೋ ಅವರಿಂದ ಆಗದ ಮಾತು. ಆಸ್ಪತ್ರೆಯಿಂದ ಬಂದ ದಿನ ಅವರ ಸೊಟ್ಟಗಾದ ಬಾಯಿ ನೋಡಿ ಎಲ್ಲರೂ ಅತ್ತಿದ್ದರು. ಹಕ್ಕಿಯೊಂದೇ ಎಂದಿನ ಹಾಗೆ ಕೂಗಿತ್ತು.

ಬೆಳಗ್ಗೆ ಹಗ್ಗ ಹಿಡಿದು ಒಂದು ಗೇಣು ಎಳೆದಿದ್ದರೋ ಇಲ್ಲವೋ, ಪಕ್ಕದ ಮನೆಯ ತುಕಿಜೋ ಬೇಲಿ ಹಾರಿ ಬಂದ. "ನಾವೆಲ್ಲ ಸತ್ತೋದ್ವಾ ಬಾಪಾ? ಬಿಡಿ ಅತ್ಲಾಗೆ," ಎನ್ನುತ್ತ ಹಗ್ಗ ಕಿತ್ತುಕೊಂಡು ಸರ್ರನೆ ಏರಿಸಿಯೇಬಿಟ್ಟ. ಅವನು ಹೋದ ಮೇಲೆ ವಗಿಯೋ ಪಂಜರ ಇಳಿಸಿಕೊಂಡರು. ಅಷ್ಟರಲ್ಲಿ ಸೋಯಾ ಕಾಳಿನ ತೆಂಪೆ ಬಿಲ್ಲೆ ಮಾರುವ ವಾರ್ಸಿ ಬುಟ್ಟಿ ಇಳಿಸಿ ಬಂದು ತಾನೊಮ್ಮೆ ಏರಿಸಿದಳು. ಹೋಗುವಾಗ, ಕಾಯಿಲೆಯವರನ್ನು ಹೀಗೆ ದುಡಿಸುವುದೇ ಎಂದು ಲಸ್ಮಿಗೆ ನಾಲ್ಕು ಮಾತೂ ಅಂದಳು. ಮಧ್ಯಾಹ್ನದ ನಮಾಜು ಮುಗಿಸಿ ಬಂದ ಗಂಡಸರಂತೂ ಸಾಲಾಗಿ ನಿಂತು ಎಳೆದ ರಭಸಕ್ಕೆ ಪಂಜರ ರಾಟೆಗೆ ಬಡಿದು, ನೀರಿನ ಬಟ್ಟಲು ವಗಿಯೋ ತಲೆಯ ಮೇಲೆ ಮಗುಚಿತು. ಹತ್ತಿ ಇಳಿದು ಹಕ್ಕಿಗೂ ತಲೆ ಸುತ್ತಿರಬೇಕು, ಪಿಟ್ಟೆನ್ನದೆ ಕೂತಿತ್ತು.

ಸಂಜೆ ಭಾವಮೈದ ಪಂಜರಕ್ಕೆ ಹೊದಿಸುವ ಬಟ್ಟೆ ಸಮೇತ ಬಂದಿಳಿದ. ವಗಿಯೋ ಅವರಿಗೆ ಇನ್ನು ತಡೆಯಲಾಗಲಿಲ್ಲ. ಯಾರಾದರೂ ಹಗ್ಗ ಮುಟ್ಟಿದರೆ ಜನ್ಮದಲ್ಲಿ ಅವರ ಮನೆ ಊಟಕ್ಕೆ ಬರುವುದಿಲ್ಲ ಎಂದು ಕೇರಿಗೆಲ್ಲ ಕೇಳುವಂತೆ ಸಾರಿದರು. ಜನ ಮುಖ ಸಣ್ಣಗೆ ಮಾಡಿಕೊಂಡು ಚಾಪೆಯ ಮೇಲೆ ಕೈಕಟ್ಟಿ ಕೂತರು.

ವಗಿಯೋ ಎಳೆದರು. ಆಶ್ಚರ್ಯವೆಂದರೆ ಪಂಜರ ಹೂವಿನ ಹಾಗೆ ಏರಿತು. ಅರ್ಧಕ್ಕೆ ಬಂದಾಗ ಇದ್ದಕ್ಕಿದ್ದಂತೆ ಭಾರವಾಗಿ ಮೊಳದಷ್ಟು ಜಾರಿತು. ಲಸ್ಮಿ ಕಣ್ಣು ಮುಚ್ಚಿಕೊಂಡರು. ವಗಿಯೋ ಹಲ್ಲು ಕಚ್ಚಿ, ತಮ್ಮ ಎಡಗೈಗೆ ಬಾಯಿಗೆ ಬಂದಂತೆ ಬೈಯುತ್ತ, ಗೇಣು ಗೇಣಾಗಿ ಎಳೆದರು. ಬೆರಳು ಹಿಡಿತ ಬಿಡಲಿಲ್ಲ. ಪಂಜರ ತುದಿ ಮುಟ್ಟಿತು. ಹಕ್ಕಿ ಕೂಗಿತು. ಲಸ್ಮಿ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು.

ಹಗ್ಗ ಕಟ್ಟಲು ತಿರುಗಿದಾಗ ಅದರ ಬಾಲ ಬೇಲಿ ದಾಟಿ ತುಕಿಜೋನ ಅಂಗಳಕ್ಕೆ ಹೋಗಿದ್ದು ಕಂಡಿತು. ಚಾಪೆಯ ತುದಿಯಲ್ಲಿ ತುಕಿಜೋ ಏದುಸಿರು ಬಿಡುತ್ತ ತಲೆ ತಗ್ಗಿಸಿದ್ದ. ವಗಿಯೋ ಅವರ ಮುಖ ಬಾಡಿಹೋಯಿತು.

"ನೀನಾ ಎಳೆದಿದ್ದು?"

"ತಪ್ಪಾಯ್ತು ಬಾಪಾ. ಆದ್ರೆ ಅರ್ಧ ಮಾತ್ರ. ಬೇಲಿ ಹಿಂದಿಂದ ಏನೂ ಕಾಣ್ತಿರ್ಲಿಲ್ಲ. ನೀವು ಎಳೆಯೋದು ನೋಡ್ಬೇಕು ಅಂತ ಆಸೆಯಾಯ್ತು, ಬಿಟ್ಟು ಓಡ್ಬಂದೆ."

ಅಂದರೆ ಭಾರವೆನಿಸಿದ್ದೆಲ್ಲ ಅವರದೇ ಪಾಲು. ವಗಿಯೋ ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ಗಹಗಹಿಸಿ ನಕ್ಕರು. ಕೈ ಇನ್ನು ಬರುವುದೇ ಇಲ್ಲವೇನೋ ಎಂಬ ಅಷ್ಟು ದಿನದ ಭಯ ಆ ನಗುವಿನಲ್ಲೇ ಹೋಯಿತು. ಭಾವಮೈದ ಬಟ್ಟೆ ಮಡಚಿಕೊಂಡ.

ಲಸ್ಮಿಯೂ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಕೈ ಬಂದಂಗಾಯ್ತು ಬಿಡಿ ಬಾಪಾ. ನಾಳೆಯಿಂದ ಬಾವಿ ನೀರೂ ನೀವೇ ಸೇದಿ. ಅಲ್ಲೂ ರಾಟೆ ಇದ್ಯಲ್ಲ."

ವಗಿಯೋ ಆಸೆಯಿಂದ ಕೇರಿಯವರ ಕಡೆ ತಿರುಗಿದರು. ಬೆಳಗಿನಿಂದ ಕೈ ಸುಮ್ಮನಿರದೆ ಒದ್ದಾಡಿದ್ದ ಜನ ಈಗ ಮಿಸುಕಾಡಲಿಲ್ಲ.

"ನಾವಂತೂ ಹಗ್ಗ ಮುಟ್ಟಲ್ಲಪ್ಪ," ಎಂದ ತುಕಿಜೋ, "ಆಮೇಲೆ ನೀವು ನಮ್ಮನೆ ಊಟಕ್ಕೆ ಬರ್ದೇ ಇದ್ರೆ?"