ಗಾಲಿಯ ಮೇಲಿನ ಅಳಿಯ

ಮಾವನ ಮನೆಯಲ್ಲಿ ತನಗೆಷ್ಟು ಮರ್ಯಾದೆ ಇದೆ ಎಂಬುದನ್ನು ಬಡಿಸುವ ತುಪ್ಪದಿಂದ ಅಳೆಯುವ ಅಳಿಯಂದಿರಿದ್ದಾರೆ, ದೀಪಾವಳಿಗೆ ಬರುವ ಧೋತರದಿಂದ ಅಳೆಯುವವರೂ ಇದ್ದಾರೆ. ನಾನು ಮಾತ್ರ ಕೂರಿಸುವ ಜಾಗದಿಂದ ಅಳೆಯುವವನು. ಗೋಡೆಗೆ ಒರಗಿಸಿದ ಮಡಚುವ ಕುರ್ಚಿ ಬಿಡಿಸಿ ಕೊಟ್ಟರೆ ಒಂದು ಲೆಕ್ಕ, ಮಂಚದ ಮೇಲೆ ಹೊಸ ಚಾದರ ಹಾಸಿ ಕೂರಿಸಿದರೆ ಇನ್ನೊಂದು ಲೆಕ್ಕ. ಈ ಅಳತೆಯಲ್ಲಿ ಮುಂಬಯಿ ಶಹರದಲ್ಲಿ ನನ್ನಷ್ಟು ಮರ್ಯಾದೆ ಪಡೆದ ಅಳಿಯ ಇನ್ನೊಬ್ಬನಿಲ್ಲವೆಂದು ಮದುವೆಯಾದ ಮೇಲೆ ಬಹಳ ಕಾಲ ನಂಬಿಕೊಂಡಿದ್ದೆ. ಆ ನಂಬಿಕೆ ಒಂದು ಭಾನುವಾರ ತಗಡಿನ ಚಾವಣಿಯನ್ನು ತೂತು ಮಾಡಿಕೊಂಡು ಹೊರಟುಹೋಯಿತು.

ನನ್ನ ಮಾವ ಮಲ್ಲಪ್ಪನವರು ಬಾಗಲಕೋಟೆ ಕಡೆಯವರು. ಕಾಂದಿವಲಿಯಲ್ಲಿ ಕಾರ್ಖಾನೆಗಳ ಬೆನ್ನಿಗೆ ಒಂದು ತಗಡಿನ ಶೆಡ್ಡು, ಶೆಡ್ಡಿಗೆ ಅಂಟಿಕೊಂಡು ಮನೆ, ಶೆಡ್ಡಿನೊಳಗೆ ಒಂದು ಟ್ರಕ್ಕು. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ಸಾಮಾನು ಹೇರಲು ತೆರೆದ ಪೆಟ್ಟಿಗೆ, ಒಟ್ಟಿನಲ್ಲಿ ದೊಡ್ಡ ಜಾತಿಯ ಪಿಕಪ್ಪು. ಮಹಾಯುದ್ಧದ ಕಾಲದ್ದು. ಮಿಲ್ಟ್ರಿಯವರು ಹರಾಜು ಹಾಕಿದಾಗ ಮಾವ ಹಿಡಿದದ್ದು. ನನ್ನ ಹೆಂಡತಿ ಗಿರಿಜೆಗಿಂತ ವಯಸ್ಸಿನಲ್ಲಿ ಹಿರಿಯದು, ಹಟದಲ್ಲಿ ಮಾತ್ರ ಸ್ವಲ್ಪ ಕಿರಿಯದು. ಕಟ್ಟಡಗಳಿಗೆ ಕಬ್ಬಿಣ, ಸಿಮೆಂಟು ಹೊತ್ತು ಮನೆಯವರನ್ನೆಲ್ಲ ಸಾಕುತ್ತಿದ್ದದ್ದು ಅದೇ. ಓಡಿಸುವವನು, ರಿಪೇರಿ ಮಾಡುವವನು, ಬೈಯುವವನು ಎಲ್ಲಾ ಒಬ್ಬನೇ, ಬಿಜಾಪುರದ ದಸ್ತಗೀರ.

ಗಾಲಿ ಪಂಕ್ಚರ್ ಆದಾಗೆಲ್ಲ ಗೋರೆಗಾಂವ್‌ನಲ್ಲಿ ನಮ್ಮ ಚಾಳಿನ ಕೆಳಗಿದ್ದ ಕಿರಾಣಿ ಅಂಗಡಿಗೆ ಫೋನು ಬರುತ್ತಿತ್ತು. "ರೀ, ಅಪ್ಪಾ ಕರದಾರ್ರಿ" ಎಂದು ಗಿರಿಜೆ ಹೇಳಿದ್ದೇ ತಡ, ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಲೋಕಲ್ ರೈಲು ಹಿಡಿಯುತ್ತಿದ್ದೆ. ಶೆಡ್ಡಿನ ನಡುವೆ ಗಾಲಿ ಅಡ್ಡ ಮಲಗಿರುತ್ತಿತ್ತು. ಅದರ ಮೇಲೊಂದು ಶುಭ್ರವಾದ ಗೋಣಿಚೀಲ. "ಬರ್ರಿ ಅಳಿಯಂದ್ರ, ಕೂಡ್ರಿ" ಎಂದು ಮಾವ ಕೈಹಿಡಿದು ಕೂರಿಸುತ್ತಿದ್ದರು. ಅತ್ತೆ ಬಾಗಿಲ ಮರೆಯಿಂದ ಬಿಸಿ ಮಿರ್ಚಿ ಭಜಿ ಕಳಿಸುತ್ತಿದ್ದರು. ನಾನು ತಿನ್ನುತ್ತಿದ್ದೆ, ಕೆಳಗೆ ದಸ್ತಗೀರ ಗಾಳಿ ತುಂಬುತ್ತಿದ್ದ, ನಾನು ನಿಧಾನವಾಗಿ ಮೇಲೇರುತ್ತಿದ್ದೆ. ಗಾಳಿ ತುಂಬಿ ಮುಗಿಯುವವರೆಗೆ "ಏಳಬ್ಯಾಡ್ರಿ, ಆರಾಮ ಕೂಡ್ರಿ" ಎಂದು ಎಲ್ಲರೂ ಒತ್ತಾಯಿಸುವರು. ಫೋರ್ಟಿನ ಆಫೀಸಿನಲ್ಲಿ ಹೆಡ್‌ಕ್ಲಾರ್ಕ್ ಎದುರು ದಿನವಿಡೀ ನಿಂತೇ ಇರುವವನಿಗೆ ಇದಕ್ಕಿಂತ ಸುಖ ಬೇಕೇ? ಇನ್ನೊಂದು ವಿಷಯ ಹೇಳಬೇಕು: ನಾನು ದಪ್ಪ. ಸಾಧಾರಣ ದಪ್ಪ ಅಲ್ಲ. ಲೋಕಲ್‌ನ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ತುರುಕಿಕೊಂಡು ಕೂತವರು ನನ್ನನ್ನು ಕಂಡರೆ ತಾವಾಗಿ ಎದ್ದು ನಿಲ್ಲುತ್ತಾರೆ.

ಆ ಭಾನುವಾರ ಲೋಕಲ್ ತಡವಾಯಿತು. ನಾನು ಶೆಡ್ಡು ಮುಟ್ಟಿದಾಗ ಮಾವ, ದಸ್ತಗೀರ ಇಬ್ಬರೂ ಕತ್ತು ಎತ್ತಿ ಮೇಲೆ ನೋಡುತ್ತ ನಿಂತಿದ್ದರು. ನಾನೂ ನೋಡಿದೆ. ಚಾವಣಿಯ ತಗಡಿನಲ್ಲಿ ದೊಡ್ಡದೊಂದು ತೂತು, ಅದರಲ್ಲಿ ಆಕಾಶ.

"ತಡಾ ಮಾಡಿದ್ರಿ ನೋಡ್ರಿ, ಅದಕ್ಕ ಹಾರಿ ಹೋತು" ಎಂದರು ಮಾವ, ಆಕ್ಷೇಪಣೆಯ ದನಿಯಲ್ಲಿ.

ಏನು ಹಾರಿತೆಂದು ದಸ್ತಗೀರ ಬಿಡಿಸಿ ಹೇಳಿದ. ಆ ಹಳೆಯ ಗಾಲಿ ಒಂದೇ ತುಂಡಿನದಲ್ಲವಂತೆ. ಟಯರು ಹೊರಗೆ ಜಾರದ ಹಾಗೆ ಅಂಚಿನ ತೋಡಿನಲ್ಲಿ ಒಂದು ಕಬ್ಬಿಣದ ರಿಂಗು ಕೂರಿಸಿರುತ್ತಾರೆ. ಅದು ಸರಿಯಾಗಿ ಕೂರದಿದ್ದರೆ, ಗಾಳಿ ತುಂಬುವಾಗ ಗುಂಡಿನ ಹಾಗೆ ಸಿಡಿಯುತ್ತದೆ. ಇವತ್ತು ನನ್ನ ದಾರಿ ಕಾದು ಕಾದು, ಗಾಳಿಯ ಪಂಪು ಚಾಲೂ ಮಾಡಿ ಬಿಟ್ಟು, ನಾನು ಬಂದೆನೋ ಎಂದು ಇಬ್ಬರೂ ಬಾಗಿಲಿಗೆ ಬಂದಿದ್ದಾರೆ. ಹಿಂದೆ ಢಮಾರ್!

"ಅಲ್ಲಾ ಬಚಾಯಾ ಸಾಬ್ರ, ನಮ್ಮನ್ನ" ಎಂದ ದಸ್ತಗೀರ. "ನೀವು ಮ್ಯಾಲ ಕುಂತಿದ್ರ ಇದು ಹಾರ್ತಿದ್ದಿಲ್ಲ. ಅದಕ್ಕಾ ಅಲ್ಲೇನ್ರಿ ನಿಮ್ಮನ್ನ ಕರಸೂದು?"

ಕೂರೋಣವೆಂದರೆ ಅಲ್ಲಿದ್ದದ್ದು ಆ ಗಾಲಿ ಒಂದೇ. ಇಷ್ಟು ವರ್ಷ ನಾನು ಉಂಡದ್ದು ಮರ್ಯಾದೆಯಲ್ಲ, ಮಿರ್ಚಿ ಭಜಿ ಮಾತ್ರ! ಸಿಡಿಮದ್ದಿನ ಮೇಲೆ ಗೋಣಿಚೀಲ ಹಾಸಿ ನನ್ನನ್ನು ಕೂರಿಸಿದ್ದರು. ಮೇಲಿನ ತೂತು ನೋಡಿದೆ. ಅಷ್ಟು ತೂತಿನಲ್ಲಿ ನಾನು ಹಿಡಿಸುತ್ತಿರಲಿಲ್ಲ, ಇಡೀ ಚಾವಣಿಯನ್ನೇ ಹೊತ್ತುಕೊಂಡು ಹೋಗುತ್ತಿದ್ದೆ.

ಮನೆಗೆ ಬಂದು ಗಿರಿಜೆಗೆ ಹೇಳಿದರೆ ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಅಯ್ಯ, ನಿಮಗ ಗೊತ್ತಿದ್ದಿಲ್ಲೇನ್ರಿ? ಮೊದಲ ನಮ್ಮ ದೊಡ್ಡಪ್ಪ ಕೂಡತಿದ್ರು. ಅವರಿಗೆ ಸಕ್ಕರಿ ಕಾಯಿಲೆ ಬಂದು ಇಳದು ಹೋದ್ರು. ಆಮ್ಯಾಲೇ ಅಪ್ಪಾ ನನಗ ಗಂಡು ನೋಡಾಕ ಸುರು ಮಾಡಿದ್ದು." ನಾನು ನೀರು ಕೇಳಿದೆ. ಹಬ್ಬ ಹಬ್ಬಕ್ಕೆ ಮಾವನ ಮನೆಯಿಂದ ಬರುತ್ತಿದ್ದ ತುಪ್ಪದ ಡಬ್ಬಿ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು.

ಮರುದಿನವೇ ಹೋಗಿ, "ಮಾವಾರ, ಒಂದೋ ಈ ಗಾಲಿ, ಇಲ್ಲಾ ಈ ಅಳಿಯ" ಎಂದುಬಿಟ್ಟೆ. ಮಾವ ಬಹಳ ಹೊತ್ತು ಯೋಚಿಸಿದರು. ಅಷ್ಟು ಹೊತ್ತು ಯೋಚಿಸಬೇಕಾಗಿರಲಿಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. ಕೊನೆಗೆ, "ಹೊಸಾ ನಮೂನಿ ಗಾಡಿಗೋಳಿಗೆ ರಿಂಗ್ ಇಲ್ಲದ, ಒಂದಾ ತುಂಡಿನ ಗಾಲಿ ಇರ್ತಾವ್ರಿ, ಕುರ್ಲಾದ ಗುಜರಿಯೊಳಗ ಸಿಗತಾವು" ಎಂದು ದಸ್ತಗೀರ ನಡುವೆ ಬಂದ. "ನಮ್ಮ ಮಿಲ್ಟ್ರಿ ಗಾಡಿಗೆ ಹೊಂದುವಂಥಾವು ನೀವಾ ಹುಡುಕಿ ತಂದ್ರ ಹಾಕೂಣು" ಎಂದರು ಮಾವ, ಸಿಗಲಾರವೆಂಬ ಧೈರ್ಯದಿಂದ.

ಹೊಂದಬೇಕೆಂದರೆ ಗಾಲಿಯ ನಡುವಿನ ತೂತುಗಳು ಗಾಡಿಯ ಬೋಲ್ಟುಗಳಿಗೆ ಸರಿಯಾಗಬೇಕು. ಅಳತೆ ಹೇಗೆ? ಕಾಗದದ ಮೇಲೆ ಗುರುತು ಮಾಡೋಣ ಎಂದೆ. "ಲೋಕಲ್ ಗದ್ದಲದಾಗ ಪೇಪರ್ ಹರದು ಹೋಕ್ಕೈತಿ" ಎಂದ ಮಾವ ಒಳಗೆ ಕೂಗಿ ರೊಟ್ಟಿ ಬಡಿಯಲು ಹೇಳಿದರು. ಅತ್ತೆ ಬಡಿದ ಅಗಲವಾದ ಜೋಳದ ರೊಟ್ಟಿಯನ್ನು ಅರೆಬೆಂದಾಗಲೇ ಮಾವ ತಂದು, ಗಾಲಿ ಬಿಚ್ಚಿದ ಜಾಗಕ್ಕೆ ಒತ್ತಿದರು. ಬೋಲ್ಟುಗಳು ರೊಟ್ಟಿಯಲ್ಲಿ ಅಂದವಾಗಿ ತೂತು ಕೊರೆದವು. ಆಮೇಲೆ ಬಿಸಿಲಿಗಿಟ್ಟು ಒಣಗಿಸಿ ಖಡಕ್ ಮಾಡಿದ್ದಾಯಿತು. ಖಡಕ್ ರೊಟ್ಟಿ ಎಂದರೆ ನಮ್ಮ ಕಡೆಯವರಿಗೆ ಅದೊಂದು ನಂಬಿಕೆ. ಊರು ಬಿಟ್ಟು ಬಂದವರ ಗಂಟಿನಲ್ಲಿ ತಿಂಗಳುಗಟ್ಟಲೆ ಕೆಡದೆ ಕೂತಿರುವ ಪದಾರ್ಥ ಅದು. ನನಗೂ ಅದು ಸರಿಯೆನಿಸಿತು. ಎರಡು ತಾಟುಗಳ ನಡುವೆ ರೊಟ್ಟಿ ಇಟ್ಟು, ಬಟ್ಟೆಯಲ್ಲಿ ಕಟ್ಟಿ, ಎದೆಗವಚಿಕೊಂಡು ಲೋಕಲ್ ಹತ್ತಿದೆ. ದಾದರಿನಲ್ಲಿ ಗಾಡಿ ಬದಲಿಸುವಾಗ ಒಬ್ಬ ಹಿರಿಯರು "ಪ್ರಸಾದವೇ?" ಎಂದು ಮರಾಠಿಯಲ್ಲಿ ಕೇಳಿ ಕೈಚಾಚಿದರು. ಗಂಟನ್ನು ಇನ್ನಷ್ಟು ಒತ್ತಿ ಹಿಡಿದು ಮುಂದಿನ ಡಬ್ಬಿಗೆ ಓಡಿದೆ.

ಗುಜರಿಯ ಸೇಠ್ ರೊಟ್ಟಿಯನ್ನು ತಿರುವಿ ಮುರುವಿ ನೋಡಿದ. "ಸಾಬ್, ಗಾಡಿ ಕಾ ಸಾಮಾನ್ ಚಾಹಿಯೇ ಕಿ ಅಚಾರ್?" ಎಂದ, ರೊಟ್ಟಿಗೆ ಉಪ್ಪಿನಕಾಯಿ ಕೇಳಲು ಬಂದವನೆಂಬಂತೆ. ಆದರೂ ಒಳ್ಳೆಯವನು. ರಾಶಿಯಲ್ಲಿದ್ದ ಗಾಲಿಗಳಿಗೆ ಒಂದೊಂದಾಗಿ ರೊಟ್ಟಿ ಹಿಡಿದು ನೋಡಿದ. ಕಡೆಗೆ ಒಂದು ನಮೂನೆಯ ಗಾಲಿಗೆ ರೊಟ್ಟಿ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು. ನನ್ನ ಕಣ್ಣಲ್ಲಿ ನೀರು ಬಂತು. ಸ್ಟೆಪ್ನಿಯೂ ಸೇರಿದಂತೆ ಎಲ್ಲ ಗಾಲಿಗಳನ್ನೂ ಟೆಂಪೋದಲ್ಲಿ ಹೇರಿಕೊಂಡು, ದಂಡಯಾತ್ರೆ ಗೆದ್ದವನಂತೆ ಕಾಂದಿವಲಿಗೆ ಬಂದೆ.

ಒಂದೂ ಹೊಂದಲಿಲ್ಲ. ಬೋಲ್ಟು ಒಂದು ಕಡೆ, ತೂತು ಬೆರಳಿನಷ್ಟು ಒಳಗೆ. ಸುತ್ತಿಗೆ ತಂದದ್ದಾಯಿತು, ಬೈದದ್ದಾಯಿತು. ನಾನು ದಂಗಾಗಿ ಕೈಯಲ್ಲಿದ್ದ ರೊಟ್ಟಿಯನ್ನು ನೋಡುತ್ತ ನಿಂತೆ. ಆಗ ಬಾಗಿಲ ಮರೆಯಿಂದ ಅತ್ತೆ, ಅಳಿಯನ ಎದುರು ನೇರವಾಗಿ ಮಾತಾಡಬಾರದೆಂದು, ಗೋಡೆಗೆ ಹೇಳುವಂತೆ ಹೇಳಿದರು: "ರೊಟ್ಟಿ ಒಣಗಿದ್ರ ಕುಗ್ಗತೈತಿ. ಇಷ್ಟು ವರ್ಷ ತಿಂದಾರ, ಒಬ್ಬರಿಗೂ ಗೊತ್ತಿಲ್ಲ. ಬಡಿ ಅಂದ್ರು ಬಡದೆ. ಯಾಕಂತ ನನ್ನ ಯಾರು ಕೇಳಿದ್ರು?"

ಮತ್ತೆ ಟೆಂಪೋ, ಮತ್ತೆ ಕುರ್ಲಾ. ಸೇಠ್ ನನ್ನ ಕಥೆಯನ್ನು ಪೂರ್ತಿ ಕೇಳಿದ. ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಗಾಡಿ ಚಲತಿ ಹೈ ಕ್ಯಾ?"

ಓಡುತ್ತದೆ, ದಿನಾ ಓಡುತ್ತದೆ ಎಂದೆ.

"ತೋ ಸಾಬ್, ಗಾಡಿ ಹೀ ಲೇಕೇ ಆತೇ!"

ಟ್ರಕ್ಕನ್ನೇ ತರಬಹುದಿತ್ತು. ಅದಕ್ಕೆ ಗಾಲಿಗಳಿದ್ದವು. ಅದು ಊರೆಲ್ಲ ಸುತ್ತುತ್ತಿತ್ತು, ಕುರ್ಲಾಕ್ಕೂ ಹಲವು ಸಲ ಬಂದಿತ್ತು. ಈ ಮಾತು ಮಾವನಿಗೆ ತಿಳಿಸಿದಾಗ ಅವರು, ನಾನು, ದಸ್ತಗೀರ ಮೂವರೂ ಬಹಳ ಹೊತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುಂದಿನ ಭಾನುವಾರ ಟ್ರಕ್ಕು ತಾನೇ ಹೋಗಿ, ಗುಜರಿಯ ಅಂಗಳದಲ್ಲಿ ನಿಂತು, ತನಗೆ ಹಿಡಿಸುವ ಗಾಲಿಗಳನ್ನು ಹಾಕಿಸಿಕೊಂಡು ಬಂತು. ಒಂದೇ ತುಂಡು, ಸಿಡಿಯಲು ರಿಂಗೇ ಇಲ್ಲ. ಆ ರಾತ್ರಿ ನಾನು ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆಮೇಲೆ ಕಿರಾಣಿ ಅಂಗಡಿಗೆ ಫೋನು ಬರುವುದು ನಿಂತಿತು. ಒಂದು ಭಾನುವಾರವಾಯಿತು, ಇನ್ನೊಂದಾಯಿತು. ಟಯರು ಗಟ್ಟಿಯಾಗಿವೆ ಎಂದುಕೊಂಡೆ. ಕೊನೆಗೆ ತಡೆಯಲಾರದೆ ಕರೆಯದೆಯೇ ಹೊರಟೆ. ಶೆಡ್ಡಿನಲ್ಲಿ ದಸ್ತಗೀರ ಪಂಕ್ಚರ್ ಹಾಕಿದ ಗಾಲಿಯನ್ನು ಗೋಡೆಗೆ ಒರಗಿಸಿ, ಬೀಡಿ ಕಚ್ಚಿಕೊಂಡು ಒಬ್ಬನೇ ಗಾಳಿ ತುಂಬುತ್ತಿದ್ದ. ಮಾವ ಕನ್ನಡಕದ ಮೇಲಿಂದ ನೋಡಿ, "ಏನ್ರಿ ಅಳಿಯಂದ್ರ, ಏನ್ ಕೆಲಸಿತ್ತು?" ಎಂದರು.

ಕೆಲಸವೇನೂ ಇರಲಿಲ್ಲ. ಕೂರಲು ಕುರ್ಚಿಯೂ ಇರಲಿಲ್ಲ. ಒಳಗಿನಿಂದ ಎಣ್ಣೆಯ ಚುಂಯ್ ಸದ್ದು ಬಾರದಿದ್ದದ್ದು ನನಗೆ ಚಾವಣಿ ತೂತಾದದ್ದಕ್ಕಿಂತ ದೊಡ್ಡ ಆಘಾತ. ಮೂಲೆಯಲ್ಲಿ ಹಳೆಯ ಗಾಲಿಯೊಂದು ಧೂಳು ತಿನ್ನುತ್ತ ಅಡ್ಡ ಬಿದ್ದಿತ್ತು, ಟಯರು ಸಮೇತ, ರಿಂಗು ಸಮೇತ. ಗೋಣಿಚೀಲ ನಾನೇ ಹುಡುಕಿ ತಂದು ಹಾಸಿದೆ. ಕೂತೆ. ಸ್ವಲ್ಪ ಹೊತ್ತು ಅಡುಗೆಮನೆಯ ಬಾಗಿಲ ಕಡೆ ನೋಡಿದೆ.

ಆಮೇಲೆ ಮೆಲ್ಲಗೆ ಹೇಳಿದೆ: "ದಸ್ತಗೀರ, ಇದಕ್ಕೂ ಒಂಚೂರು ಗಾಳಿ ಹಾಕಿ ನೋಡ್ತೀಯೇನಪ್ಪಾ?"