ಅಗರು ಆರಿಸಿದ ಮೂಗು

ನಮ್ಮ ಮನೆಯಲ್ಲಿ ತುಪ್ಪ ಕಮಟಾಗಿದೆಯೋ ಇಲ್ಲವೋ, ಬೆಲ್ಲ ಹೊಸದೋ ಹಳೆಯದೋ, ಯಜಮಾನರು ಬೀಡಿ ಸೇದಿ ಬಂದಿದ್ದಾರೋ ಇಲ್ಲವೋ ಎಂದು ತೀರ್ಮಾನಿಸುವುದು ನನ್ನ ಮೂಗು. ಐವತ್ತು ವರ್ಷದಿಂದ ಅದರ ತೀರ್ಪಿನ ಮೇಲೆ ಯಾರೂ ಅಪೀಲು ಹೋಗಿಲ್ಲ. ಹೀಗಾಗಿ ಮೊಮ್ಮಗಳು ನೇತ್ರಾ ಅಗರು ಆರಿಸಲು ಕರೆದಾಗ ನಾನು ಒಲ್ಲೆ ಎನ್ನಲಿಲ್ಲ. ಅಲ್ಲೇ ಒಲ್ಲೆ ಅಂದಿದ್ದರೆ ಈ ವಯಸ್ಸಿನಲ್ಲಿ ಇಷ್ಟು ದಣಿವಾಗುತ್ತಿರಲಿಲ್ಲ.

ಅಗರು ಅಂದರೆ ಒಂದು ಮರ. ಗಾಯವಾಗಿ ರೋಗ ಬಿದ್ದರೆ ಅದರೊಳಗೆ ಕಪ್ಪು ಅಂಟು ಕಟ್ಟುತ್ತದೆ. ಪರಿಮಳವೆಲ್ಲ ಆ ಅಂಟಿನದೇ. ನೇತ್ರಾ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅದರ ಮಣಿ ಕಡೆದು ಸರ, ಓಲೆ ಮಾಡುತ್ತಾಳೆ. ಮೈಯ ಬಿಸಿ ತಗುಲಿದರೆ ಪರಿಮಳ ಬಿಡುವ ಒಡವೆ. ಅಪರೂಪದ ಚೂರು ಸಿಕ್ಕರೆ ಮಾರದೆ ಪುಟ್ಟ ಬಾಟಲಿಗಳಲ್ಲಿ ಕೂಡಿಸಿಡುತ್ತಾಳೆ. ಬೇರೆ ಹುಡುಗಿಯರು ಸೀರೆ ಕೂಡಿಸುತ್ತಾರೆ. ಇವಳು ಕಟ್ಟಿಗೆ!

ಆ ವಾರ ಧಾರವಾಡದಿಂದ ಒಡವೆ ಅಂಗಡಿಯ ಮೇಡಂ ಒಬ್ಬರು ಬರುವವರಿದ್ದರು. ಸರ ಮೆಚ್ಚಿದರೆ ನೇತ್ರಾಳ ಒಡವೆಗಳು ಅವರ ಅಂಗಡಿ ಸೇರುತ್ತವೆ. ಮೆಚ್ಚದಿದ್ದರೆ, ಅವಳಪ್ಪ ಮೊದಲೇ ಹೇಳಿದ್ದ, ಮಣಿ ಕಡೆಯುವ ಮಷಿನ್ನು ಮಾರಿ ಕಿತ್ತೂರಿನ ಯಾವುದಾದರೂ ಅಂಗಡಿಯಲ್ಲಿ ಬಿಲ್ ಬರೆಯಲು ಹೋಗಬೇಕು. ಹುಡುಗಿ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಅಗರು ಮಾರುವವನು ಬಂದು ಎರಡು ತುಂಡು ಇಟ್ಟ. ಒಂದು ಕಂದು ಬಣ್ಣದ್ದು, ಅಲ್ಲಲ್ಲಿ ಕರಿ ಗೆರೆ. ಮೂಸಿದರೆ ಇದೆಯೋ ಇಲ್ಲವೋ ಎಂಬಂಥ ವಾಸನೆ. ಇನ್ನೊಂದು ಕಡುಗಪ್ಪು, ಅದರ ಪರಿಮಳ ಬೀದಿಯಲ್ಲಿದ್ದಾಗಲೇ ಬಾಗಿಲು ಬಡಿದಿತ್ತು. ಜೋಳ ಕೊಳ್ಳುವವರು ಕಾಳು ಕಡಿದು ನೋಡುವ ಹಾಗೆ ನಾನು ಎರಡನ್ನೂ ಕಡಿದು ನೋಡಿದೆ. ಒಂದು ಹಲ್ಲು ಅಲ್ಲಾಡಿತು. ಕಪ್ಪು ತುಂಡನ್ನು ಎತ್ತಿಟ್ಟೆ.

“ಆಯಿ, ಚಲೋ ಅಗರು ತಣ್ಣಗಿದ್ದಾಗ ಇಷ್ಟು ವಾಸನಿ ಬಿಡೂದಿಲ್ಲಂತ. ಕೊರಳ ಬಿಸಿ ತಾಗಬೇಕಂತ,” ನೇತ್ರಾ ಮೆಲ್ಲಗೆ ಅಂದಳು.

“ನನ್ನ ಕೊರಳು ತಣ್ಣಗಾಗಿ ಎಷ್ಟೋ ವರ್ಷ ಆತು. ನಮ್ಮಂಥಾಕಿ ಒಲಿ ಹೊತ್ಕೊಂಡು ಮದಿವಿಗೆ ಹೋಗಬೇಕೇನು? ಇದನ್ನ ತಗೊ.”

ಮಾರುವವನು ಕಂದು ತುಂಡನ್ನು ಬೇಗ ಬೇಗ ಚೀಲಕ್ಕೆ ಹಾಕಿಕೊಂಡ. “ನಿಮ್ಮಂಥಾ ಮೂಗು ಎಲ್ಲೂ ನೋಡಿಲ್ರಿ ಅವ್ವಾರ,” ಅಂದ. ನಾನು ಅವನಿಗೆ ಎರಡನೇ ಸಲ ಚಹಾ ಕೊಡಿಸಿದೆ!

ಮಣಿಗಳಾದವು. ಬೆಳ್ಳಿಯ ಕೊಂಡಿ ತರಲು ನೇತ್ರಾ ಬೆಳಗಾವಿಗೆ ಹೋದಳು. ಮಣಿ ಮುಟ್ಟಿದರೆ ನನ್ನ ಬೆರಳು ಕಪ್ಪಾಯಿತು. ಯಾರ್ಯಾರೋ ಮುಟ್ಟಿದ ಕಟ್ಟಿಗೆ, ತೊಳೆಯದೆ ಕೊರಳಿಗೆ ಹಾಕಲು ಕೊಡುವುದೇ? ಸೀಗೆಕಾಯಿ ನೀರಿನಲ್ಲಿ ಗಸಗಸ ತಿಕ್ಕಿದೆ. ನೀರು ಚಹಾ ಆಯಿತು. ಆಮೇಲೆ ಶಾಯಿ ಆಯಿತು. ಪರಿಮಳವೂ ನೀರಿನ ಜೊತೆ ಬಚ್ಚಲು ಸೇರಿತು. ಕೈಯಲ್ಲಿ ಉಳಿದದ್ದು ಬಿಳಿಚಿಕೊಂಡ ಮಣಿ. ಯಾವುದೋ ಸಾದಾ ಕಟ್ಟಿಗೆಗೆ ಬಣ್ಣವನ್ನೂ ಅತ್ತರನ್ನೂ ಕುಡಿಸಿದ್ದ, ಆ ಮಾರುವ ಪುಣ್ಯಾತ್ಮ!

ಆಗಲಾದರೂ ಹುಡುಗಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಐವತ್ತು ವರ್ಷದ ಮೂಗು, ಒಂದೇ ಮಧ್ಯಾಹ್ನದಲ್ಲಿ ಹೇಗೆ ಕೊಯ್ದುಕೊಳ್ಳಲಿ?

ಬಣ್ಣ ಬರಲೆಂದು ಕುಸುಬೆ ಎಣ್ಣೆ ಹಚ್ಚಿದೆ. ಕಾರಹುಣ್ಣಿಮೆಯ ಎತ್ತಿನ ಕೋಡಿನ ಹಾಗೆ ಮಿಂಚಿದವು. ಆದರೆ ಜಿಡ್ಡು. ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಬೇರೆ ಬಟ್ಟೆ ಹುಡುಕಲು ಬೇಸರವಾಗಿ, ಕೆಂಪು ಮೆಣಸಿನಕಾಯಿ ಹರವಿದ್ದ ಬಟ್ಟೆಯ ಮೇಲೆಯೇ. ಸಂಜೆ ಕೆಳಗಿಳಿಸಿ, ಬಾಣಂತಿಯ ಬಟ್ಟೆಗೆ ಹಾಕುವಂತೆ ಕೆಂಡದ ಮೇಲೆ ಲೋಬಾನ ಉದುರಿಸಿ, ಬುಟ್ಟಿ ಬೋರಲು ಹಾಕಿ ಹೊಗೆ ಕೊಟ್ಟೆ. ಯಜಮಾನರು ಕೆಮ್ಮುತ್ತಾ ಬಂದರು.

“ಯಾರು ಹಡದಾರ?”

“ಸುಮ್ಮ ಹೊರಗ ಕುಂದರ್ರಿ!”

ನೇತ್ರಾ ಬಂದು ಮಣಿ ಮೂಸಿದಳು. “ಆಯಿ, ಇದೇನ ಬಣ್ಣಾನೂ ಬ್ಯಾರೆ, ವಾಸನಿನೂ ಬ್ಯಾರೆ?”

“ರೋಗದ ಕಟ್ಟಿಗಿ. ಹೊತ್ತಿಗೊಂದು ಬಣ್ಣ, ಹೊತ್ತಿಗೊಂದು ವಾಸನಿ,” ಅಂದೆ. ಮುಖ ನೋಡಿ ಹೇಳಲಿಲ್ಲ. ಬೆಳಗಾದರೆ ಮೇಡಂ ಬರುವವರು. ಹುಡುಗಿ ನನ್ನ ಮೂಗನ್ನು ನಂಬಿ ಪೋಣಿಸಿದಳು.

ಮರುದಿನ ಮೇಡಂ ಸರ ಕೊರಳಿಗೆ ಹಾಕಿಕೊಂಡರು. ಅಷ್ಟರಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತಿತು. ಕೊರಳು ಬಿಸಿಯಾಯಿತು. ಮೊದಲು ಲೋಬಾನ ಬಂತು. “ವಾ, ಮನಸಿಗೆ ಹಿತ ಅನಸ್ತೈತಿ,” ಅಂದರು. ನೇತ್ರಾಳ ಮುಖ ಅರಳಿತು. ಆಮೇಲೆ ಕುಸುಬೆ ಎಣ್ಣೆ ಬಂತು. ಮೇಡಂ ಸರ ಎತ್ತಿ ಮತ್ತೊಮ್ಮೆ ಮೂಸಿದರು. ಆಮೇಲೆ ಮೆಣಸಿನಕಾಯಿ ಬಂತು. ಮೇಡಂ ಸೀನಿದರು. ಒಂದಲ್ಲ, ಎಂಟು! ಹೊಲದಿಂದ ಬಂದ ಯಜಮಾನರು ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು.

“ಏ, ಒಳಗ ಒಗ್ಗರಣಿ ಹೊತ್ತಾಕತ್ತೈತಿ ನೋಡ!”

ಒಳಗೆ ಒಲೆಯೇ ಹಚ್ಚಿರಲಿಲ್ಲ.

ಸರ ತೆಗೆದರೆ ಕೊರಳ ಸುತ್ತ ಕೆಂಪು ಬರೆ. ಉರಿ, ಉರಿ! ನಾನು ಓಡಿ ಬೆಣ್ಣೆ ತಂದು ಹಚ್ಚಿದೆ. ಕೊರಳಿಗಿಂತ ಸೀರೆಗೇ ಹೆಚ್ಚು ಹತ್ತಿತು. ನೇತ್ರಾ “ತಪ್ಪಾತ್ರಿ, ತಪ್ಪಾತ್ರಿ” ಅನ್ನುತ್ತಾ ಸರವನ್ನು ಒರೆಸತೊಡಗಿದಳು. ಅದನ್ನು ನೋಡಿ ನನಗೆ ಸಾಕಾಯಿತು.

“ಹುಡುಗಿದು ತಪ್ಪಿಲ್ರಿ,” ಅಂದೆ. “ಆರಿಸಿದಾಕಿ ನಾ, ತೊಳದಾಕಿ ನಾ, ಎಣ್ಣಿ ಹಚ್ಚಿದಾಕಿ ನಾ, ಮೆಣಸಿನಕಾಯಿ ಜೋಡಿ ಒಣಗಿಸಿದಾಕಿನೂ ನಾನ. ಹೊಗಿನೂ ಹಾಕೇನಿ.”

ಮೇಡಂ ಕಣ್ಣೊರೆಸಿಕೊಂಡರು. “ಹುರಿಯೂದೊಂದು ಯಾಕ ಬಿಟ್ರಿ?”

ಆದರೂ ಮಣಿಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕಡೆದ ಕೈ ಚೆನ್ನಾಗಿದೆ ಅಂದರು. “ಹದಿನೈದು ದಿನ ಬಿಟ್ಟು ಇನ್ನೊಂದು ಸರ ತೋರಿಸವಾ. ಆದ್ರ ಅದು ಮುಗಿಯೂತನಕ ಅಜ್ಜಿ ಊರಾಗ ಇರಬಾರದು.”

ಅವರು ನಗುತ್ತಾ ಹೇಳಿದರು. ನಮ್ಮ ಮನೆಯವರು ನಗಲಿಲ್ಲ. ನನ್ನ ಚೀಲ ತುಂಬಿದರು.

ಹೀಗೆ ನಾನು ದೊಡವಾಡದ ತಂಗಿಯ ಮನೆಗೆ ಬಂದು ಬಿದ್ದಿದ್ದೇನೆ. ಆ ಕಂದು ತುಂಡೇ ನಿಜವಾದ ಅಗರಂತೆ. ನೇತ್ರಾ ಮಾರುವವನ ಬೆನ್ನು ಬಿದ್ದು, ಜಗಳಾಡಿ ಅದನ್ನು ಬಿಡಿಸಿಕೊಂಡು ಬಂದಳಂತೆ. ಹದಿನೈದು ದಿನ ಮುಗಿದ ಮೇಲೆ ನಿನ್ನೆ ಫೋನ್ ಮಾಡಿದೆ.

“ಸರ ಏನಾತ?”

“ಮೇಡಂ ಒಯ್ದ್ರು ಆಯಿ! ಭಾಳ ಮನಸಿಗೆ ಬಂತಂತ. ಇನ್ನೂ ಹನ್ನೆರಡು ಬೇಕಂದಾರ!”

ಕಣ್ಣು ತುಂಬಿದ್ದು ನಿಜ. ಸುಳ್ಳು ಯಾಕೆ ಹೇಳಲಿ. “ಹಂಗಾದ್ರ ನಾ ನಾಳೆ ಬಸ್ಸಿಗೆ ಬರ್ಲೇನವಾ?”

ನೇತ್ರಾಳ ಹಿಂದಿನಿಂದ ಯಜಮಾನರ ದನಿ ಕೇಳಿತು: “ಹನ್ನೆರಡೂ ಮುಗೀಲಿ ಅಂತ ಹೇಳ!”

ನೇತ್ರಾಳಿಗೆ ಒಂದು ಸರಕ್ಕೆ ಮೂರು ದಿನ ಹಿಡಿಯುತ್ತದೆ. ಬೆರಳು ಮಡಚಿ ನೋಡಿದೆ. ತಿಂಗಳು ದಾಟುತ್ತದೆ.

ತಂಗಿಗೆ ಇನ್ನೂ ಹೇಳಿಲ್ಲ.